ಕೈತುಂಬ ಕೆಲಸ, ಖಾತೆಯಲ್ಲಿ 11 ಸಾವಿರ: ಒಬ್ಬ ಚಿತ್ರಕಲಾವಿದೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 29 ವರ್ಷ. ಮೈಸೂರಿನಲ್ಲಿ ಚಿತ್ರಕಲೆ ಓದಿ ಈಗ ಧಾರವಾಡದಲ್ಲಿದ್ದೇನೆ. ಗೋಡೆ ಚಿತ್ರ, ಭಾವಚಿತ್ರ, ಪುಸ್ತಕಗಳ ಮುಖಪುಟ, ಮಕ್ಕಳ ಕ್ಲಾಸ್, ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆ, ಹೀಗೆ ಎಲ್ಲ ಮಾಡುತ್ತೇನೆ. ಕಳೆದ ವರ್ಷ ಒಟ್ಟು 5.2 ಲಕ್ಷದ ಕೆಲಸ ಆಯಿತು. ಆದರೆ ಖಾತೆಯಲ್ಲಿ ಇವತ್ತು ಇರುವುದು 11 ಸಾವಿರ. ಒಂದು ಹೋಮ್‌ಸ್ಟೇಯವರು 80 ಸಾವಿರದ ಗೋಡೆ ಬರೆಸಿಕೊಂಡು 60 ಸಾವಿರ ಬಾಕಿ ಇಟ್ಟು ಏಳು ತಿಂಗಳಾಯಿತು. ಸಂತೆಯಲ್ಲಿ ನನ್ನ ಚಿತ್ರ ಕೊಂಡ ಅಂಗಡಿಯವರು ಅದನ್ನೇ ಕ್ಯಾಲೆಂಡರಿಗೆ ಅಚ್ಚು ಹಾಕಿಸಿದ್ದಾರೆ. ಕೇಳಿದರೆ "ದುಡ್ಡು ಕೊಟ್ಟು ತಗೊಂಡಿದ್ದೀವಲ್ಲ" ಅನ್ನುತ್ತಾರೆ. ನನ್ನದೇ ಚಿತ್ರ ಬರೆಯಲು ಸಮಯ ಸಿಗುತ್ತಿಲ್ಲ. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗು ಎಂದು ಅಪ್ಪ ಹೇಳುತ್ತಾರೆ. ನಾನು ಎಲ್ಲಿ ತಪ್ಪುತ್ತಿದ್ದೇನೆ? ವರ್ಷದ ಜಮಾ-ಖರ್ಚು, ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ಎಂಬುದನ್ನೂ ಬರೆದು ಕಳಿಸಿದ್ದೇನೆ.

ಉತ್ತರ:

ನೀವು ಕಳಿಸಿದ ಹಾಳೆಯನ್ನು ಮೂರು ಸಲ ಓದಿದೆ. ಇಪ್ಪತ್ತು ವರ್ಷದಿಂದ ಕಲಾವಿದರ ಲೆಕ್ಕ ನೋಡುತ್ತಿದ್ದೇನೆ. ಯಾವ ಕೆಲಸಕ್ಕೆ ಎಷ್ಟು ದಿನ ಹೋಯಿತು ಎಂದು ಬರೆದಿಡುವವರು ತುಂಬ ಕಡಿಮೆ. ನೀವು ಬರೆದಿದ್ದೀರಿ. ಅರ್ಧ ದಾರಿ ಅಲ್ಲಿಗೇ ಮುಗಿಯಿತು.

ಮೊದಲು ಆ 11 ಸಾವಿರ ಎಲ್ಲಿಂದ ಬಂತು ನೋಡೋಣ. ಕೆಲಸ 5,20,000. ಬಣ್ಣ, ಸಾರವೆ, ಸಹಾಯಕ, ಪ್ರಯಾಣ, ಫ್ರೇಮ್, ಸಂತೆಯ ಮಳಿಗೆ, ಫೋನು, ಇಂಟರ್ನೆಟ್ಟು ಎಲ್ಲ ಸೇರಿ ಖರ್ಚು 1,70,000. ಉಳಿದದ್ದು 3,50,000. ಮನೆಗೆ ತಿಂಗಳಿಗೆ 22,000, ಅಂದರೆ ವರ್ಷಕ್ಕೆ 2,64,000. ಮಿಕ್ಕಿದ್ದು 86,000. ಅದರಲ್ಲಿ 60,000 ಹೋಮ್‌ಸ್ಟೇಯವರ ಹತ್ತಿರ ಕೂತಿದೆ. 15,000 ಕೊಟ್ಟು ಫೋನ್ ಕೊಂಡಿದ್ದೀರಿ. ಉಳಿಯಿತು 11,000. ಒಂದು ರೂಪಾಯಿಯೂ ಕಳೆದುಹೋಗಿಲ್ಲ. ನೀವು ದುಂದು ಮಾಡುವವರಲ್ಲ, ಇದನ್ನು ಅಪ್ಪನಿಗೂ ತೋರಿಸಿ.

ಹಾಗಾದರೆ ತೊಂದರೆ ಎಲ್ಲಿದೆ? ನಿಮ್ಮ ದಿನಗಳಲ್ಲಿದೆ.

ಹಾಳೆಯ ಹಿಂಬದಿಯಲ್ಲಿ ನೀವು ಬರೆದ ದಿನಗಳನ್ನು ಕೂಡಿದೆ. ಒಂದು ಭಾವಚಿತ್ರಕ್ಕೆ 6,000 ತಗೊಳ್ಳುತ್ತೀರಿ. ಸಾಮಾನಿಗೆ 800 ಹೋಗುತ್ತದೆ. ನಾಲ್ಕು ದಿನ ಹಿಡಿಯುತ್ತದೆ. ಅಂದರೆ ದಿನಕ್ಕೆ 1,300. ಗೋಡೆ ಚಿತ್ರ ಚದರ ಅಡಿಗೆ 80 ರೂಪಾಯಿ. 500 ಚದರ ಅಡಿಗೆ 40,000 ಬರುತ್ತದೆ, 14,000 ಖರ್ಚು, 12 ದಿನ ಕೆಲಸ. ದಿನಕ್ಕೆ ಸುಮಾರು 2,170. ಮುಖಪುಟಕ್ಕೆ 7,000, ಎರಡು ದಿನ. ದಿನಕ್ಕೆ 3,500. ಮಕ್ಕಳ ಕ್ಲಾಸು ಒಂದು ಸಂಜೆಗೆ 1,000, ಅದು ದಿನದ ಮೂರನೇ ಒಂದು ಭಾಗ. ಇಡೀ ದಿನಕ್ಕೆ 3,000 ಆಯಿತು.

ನೋಡಿ, ನೀವು ಯಾವುದನ್ನು ಸಣ್ಣಪುಟ್ಟ ಕೆಲಸ ಅಂದುಕೊಂಡಿದ್ದೀರೋ ಅವೇ ನಿಮ್ಮನ್ನು ಸಾಕುತ್ತಿವೆ. ಹೆಮ್ಮೆಯಿಂದ ಮೊದಲು ಬರೆದ ಗೋಡೆ ಚಿತ್ರ ಮತ್ತು ಭಾವಚಿತ್ರ ನಿಮ್ಮನ್ನು ಹೊರಗಿನಿಂದ ಬೆಳೆಸಿ ಒಳಗಿನಿಂದ ಸವೆಸುತ್ತಿವೆ. ವರ್ಷಕ್ಕೆ 15 ಭಾವಚಿತ್ರ ಎಂದರೆ 60 ದಿನ. ಗೋಡೆಗಳಿಗೆ 72 ದಿನ. ಮುಖಪುಟಕ್ಕೆ 20, ಕ್ಲಾಸಿಗೆ 27. ಒಟ್ಟು 179 ದಿನ. ಇದರ ಮೇಲೆ ಫೋನಿನಲ್ಲಿ ಮಾತು, ಗೋಡೆ ನೋಡಲು ಹೋಗುವುದು, ಸ್ಕೆಚ್ ತೋರಿಸುವುದು, ಬಾಕಿ ಕೇಳುವುದು, ಸಾಮಾನು ತರುವುದು. ನಿಮ್ಮದೇ ಚಿತ್ರಕ್ಕೆ ಸಮಯ ಎಲ್ಲಿಂದ ಬರಬೇಕು?

ಈಗ ದರದ ಮಾತು. ಹೆಚ್ಚಿನ ಕಲಾವಿದರು ಬೇರೆಯವರು ಎಷ್ಟು ತಗೊಳ್ಳುತ್ತಾರೆ ಎಂದು ಕೇಳಿ, ಅದಕ್ಕಿಂತ ಒಂಚೂರು ಕಡಿಮೆ ಹೇಳುತ್ತಾರೆ. ಅವರೂ ಇನ್ನೊಬ್ಬರನ್ನು ಕೇಳಿಯೇ ಹೇಳಿರುತ್ತಾರೆ. ಹೀಗೆ ಯಾರೂ ಲೆಕ್ಕ ಹಾಕದ ದರವೊಂದು ಊರಲ್ಲಿ ಓಡಾಡುತ್ತಿರುತ್ತದೆ. ನಿಮ್ಮ ದರ ನಿಮ್ಮ ವರ್ಷದಿಂದ ಹುಟ್ಟಬೇಕು. ಮನೆಗೆ ಬೇಕಾದದ್ದು 2,64,000. ವಿಮೆ ಮತ್ತು ಉಳಿತಾಯಕ್ಕೆ ತಿಂಗಳಿಗೆ 8,000ದಂತೆ 96,000. ಯಾವ ಗಿರಾಕಿಯ ಬಿಲ್ಲಿಗೂ ಹಾಕಲಾಗದ ಖರ್ಚು, ಅಂದರೆ ಫೋನು, ಓಡಾಟ, ಕೋಣೆಯ ಬಾಡಿಗೆ, ಸ್ಯಾಂಪಲ್‌ಗಳು, ಸುಮಾರು 60,000. ಒಟ್ಟು 4,20,000.

ಎಷ್ಟು ದಿನದಲ್ಲಿ ಇದನ್ನು ದುಡಿಯಬೇಕು? 365ರಲ್ಲಿ 52 ಭಾನುವಾರ ತೆಗೆಯಿರಿ. ಹಬ್ಬ, ಮದುವೆ, ಜ್ವರ, ಮನೆ ಕೆಲಸ ಎಂದು ಇನ್ನೊಂದು 33 ದಿನ ತೆಗೆಯಿರಿ. 280 ಉಳಿಯಿತು. ಅದರಲ್ಲಿ ಅರ್ಧ ದುಡ್ಡು ಬಾರದ ಕೆಲಸಕ್ಕೆ ಹೋಗುತ್ತದೆ: ಗಿರಾಕಿ ಹುಡುಕುವುದು, ಕೊಟೇಶನ್ ಬರೆಯುವುದು, ಹೊಸದು ಕಲಿಯುವುದು, ಮುಖ್ಯವಾಗಿ ನಿಮ್ಮದೇ ಚಿತ್ರ. ಈ ಅರ್ಧವನ್ನು ವ್ಯರ್ಥ ಅಂದುಕೊಳ್ಳಬೇಡಿ, ನಾಳಿನ ದರ ಅಲ್ಲೇ ತಯಾರಾಗುವುದು. ಹಾಗಾಗಿ ದುಡ್ಡು ಬರುವ ದಿನ 140. ಭಾಗಿಸಿದರೆ ದಿನಕ್ಕೆ 3,000 ರೂಪಾಯಿ. ಇನ್ನು ಮುಂದೆ ಯಾವ ಕೆಲಸ ಬಂದರೂ ಮೊದಲು ಈ ಸಂಖ್ಯೆಯನ್ನು ನೆನಪಿಸಿಕೊಳ್ಳಿ.

ಅದೇ 500 ಚದರ ಅಡಿಯ ಗೋಡೆ ಈಗ ಎಷ್ಟಾಯಿತು? 12 ದಿನಕ್ಕೆ 36,000. ಸಾಮಾನು, ಸಾರವೆ, ಸಹಾಯಕನಿಗೆ 14,000. ಮಳೆ ಬಂತು, ಗೋಡೆ ಒಣಗಲಿಲ್ಲ, ಬಣ್ಣ ಸಾಲಲಿಲ್ಲ ಎನ್ನುವುದಕ್ಕೆ ನೂರಕ್ಕೆ ಹತ್ತರಂತೆ 5,000. ಒಟ್ಟು 55,000. ಚದರ ಅಡಿಗೆ 110. "ಧಾರವಾಡದಲ್ಲಿ 110 ಯಾರು ಕೊಡ್ತಾರೆ ಮೇಡಂ" ಎಂದು ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಎಲ್ಲರೂ ಕೊಡುವುದಿಲ್ಲ, ನಿಜ. 40,000ಕ್ಕಿಂತ ಜಾಸ್ತಿ ಆಗಲ್ಲ ಎಂದು ಯಾರಾದರೂ ಹೇಳಿದರೆ ಜಗಳ ಬೇಡ. "ಆ ದುಡ್ಡಿಗೆ 360 ಚದರ ಅಡಿ ಚೆನ್ನಾಗಿ ಮಾಡಿಕೊಡುತ್ತೇನೆ, ಉಳಿದ ಗೋಡೆಗೆ ಬರಿ ಬಣ್ಣ ಹೊಡೆಸಿ" ಅನ್ನಿ. ಗೋಡೆ ಚಿಕ್ಕದಾಗಲಿ, ದರ ಚಿಕ್ಕದಾಗುವುದು ಬೇಡ. ಒಮ್ಮೆ 80ಕ್ಕೆ ಮಾಡಿಕೊಟ್ಟರೆ ಆ ಗಿರಾಕಿಯ ನೆಂಟರೆಲ್ಲ 80 ಹಿಡಿದುಕೊಂಡೇ ಬರುತ್ತಾರೆ.

ಭಾವಚಿತ್ರದ ಲೆಕ್ಕ ಇನ್ನೂ ಮುಖ್ಯ. ಇದನ್ನು ನಿಧಾನವಾಗಿ ಓದಿ. ನಾಲ್ಕು ದಿನಕ್ಕೆ 12,000, ಸಾಮಾನು ಸೇರಿ 13,000 ಎಂದಿಟ್ಟುಕೊಳ್ಳಿ. ದರ ಎರಡರಷ್ಟಾಯಿತು, ಅರ್ಧಕ್ಕಿಂತ ಜಾಸ್ತಿ ಗಿರಾಕಿಗಳು ಬಿಟ್ಟು ಹೋದರು. 15 ಇದ್ದದ್ದು 6 ಆಯಿತು. ಮೊದಲು ಸಾಮಾನಿನ ಖರ್ಚು ಕಳೆದು 78,000 ಸಿಗುತ್ತಿತ್ತು. ಈಗ 73,200 ಸಿಗುತ್ತದೆ. ಕಡಿಮೆಯಾದದ್ದು 4,800 ರೂಪಾಯಿ. ಸಿಕ್ಕಿದ್ದು 36 ದಿನ. ಆ 36 ದಿನದಲ್ಲಿ ಬರೀ ಐದು ಮುಖಪುಟ ಹೆಚ್ಚಿಗೆ ಮಾಡಿದರೂ 35,000. ಅದಕ್ಕೆ ಹಿಡಿಯುವುದು 10 ದಿನ. ಉಳಿದ 26 ದಿನ ನಿಮ್ಮ ಕ್ಯಾನ್ವಾಸಿಗೆ. ನೀವು ಕಳೆದುಕೊಂಡೆ ಎಂದು ಹೇಳಿದ ಸಮಯ ಇಲ್ಲೇ ಇದೆ.

ಹಳೇ ಗಿರಾಕಿಗಳಿಗೆ ಒಮ್ಮೆಲೇ ಏರಿಸಬೇಡಿ. ಹೊಸಬರಿಗೆ ಇವತ್ತಿನಿಂದ, ಹಳಬರಿಗೆ ಒಂದು ತಾರೀಕು ಹೇಳಿ ಅಲ್ಲಿಂದ. ನೆಂಟರಿಷ್ಟರ ವಿಷಯದಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ: ಪೂರ್ತಿ ದರ, ಇಲ್ಲ ಉಡುಗೊರೆ. ನಡುವಿನ ಅರ್ಧ ದರ ಬೇಡವೇ ಬೇಡ. ಅರ್ಧ ದರಕ್ಕೆ ಮಾಡಿದ್ದನ್ನು ಅವರು ಉಪಕಾರ ಎಂದು ನೆನೆಯುವುದಿಲ್ಲ, ನೀವೂ ಮನಸ್ಸಿಟ್ಟು ಮಾಡುವುದಿಲ್ಲ. ವರ್ಷಕ್ಕೆ ಎರಡು ಉಡುಗೊರೆ ಕೊಡುತ್ತೇನೆ ಎಂದು ನೀವೇ ಲೆಕ್ಕ ಇಟ್ಟುಕೊಳ್ಳಿ, ಪ್ರೀತಿಯಿಂದ ಕೊಡಿ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು. ನಾನು ಉಡುಪಿ ಕಡೆಯವಳು. ನನ್ನ ಅಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದರು. ನಮ್ಮಲ್ಲಿ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಎಂಬ ದಿನ ಮುಗಿಯುತ್ತದೆ. ಆ ದಿನ ಗೆಜ್ಜೆ ಬಿಚ್ಚುತ್ತಾರೆ. ಅಲ್ಲಿಂದ ಮುಂದೆ ಮಳೆ. ಆರು ತಿಂಗಳು ರಾತ್ರಿಯಿಡೀ ಕೆಲಸ, ಆರು ತಿಂಗಳು ಸಂಬಳವಿಲ್ಲ. ಅಪ್ಪ ದುಡ್ಡು ತಂದಾಗಲೆಲ್ಲ ಅಮ್ಮ ಅದನ್ನು ಎರಡು ಪಾಲು ಮಾಡುತ್ತಿದ್ದರು. ಒಂದು ಪಾಲು ಒಂದು ಸ್ಟೀಲ್ ಡಬ್ಬಿಗೆ. ಅದಕ್ಕೆ ಮಳೆಗಾಲದ ಡಬ್ಬಿ ಎಂದೇ ಹೆಸರು. ಮೇ ಮುಗಿಯುವವರೆಗೆ ಅದನ್ನು ಮುಟ್ಟುವಂತಿರಲಿಲ್ಲ. ಒಂದು ವರ್ಷ ಕೊನೆಯ ಎರಡು ತಿಂಗಳ ದುಡ್ಡು ಬರಲೇ ಇಲ್ಲ. ಎಲ್ಲ ಬಾಯಿಮಾತಿನ ವ್ಯವಹಾರ, ಒಂದು ಚೀಟಿಯೂ ಇರಲಿಲ್ಲ. ಅಪ್ಪ ಹೋಗಿ ಕೇಳಿ ಬರಿಗೈಲಿ ವಾಪಸ್ ಬಂದರು. ಅವತ್ತು ಅವರು ಜಗಲಿಯಲ್ಲಿ ಕೂತಿದ್ದ ರೀತಿ ನನಗೆ ಇವತ್ತಿಗೂ ಕಣ್ಣಮುಂದೆ ಇದೆ. ಆ ಮಳೆಗಾಲ ನಮ್ಮ ಮನೆಯಲ್ಲಿ ಒಲೆ ಉರಿದದ್ದು ಡಬ್ಬಿಯಿಂದ. ನಾನು ಕಾಮರ್ಸ್ ಓದಿದ್ದಕ್ಕೂ ಅದೇ ಕಾರಣ.

ಕಲಾವಿದರಿಗೆಲ್ಲ ಒಂದೊಂದು ಮಳೆಗಾಲ ಇರುತ್ತದೆ. ಮೇಳದವರಿಗೆ ಅದು ಯಾವಾಗ ಎಂದು ಗೊತ್ತು, ಅದಕ್ಕೇ ಅವರಲ್ಲಿ ಎಷ್ಟೋ ಮಂದಿ ಮಳೆಗಾಲಕ್ಕೆ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ, ಊರೂರಲ್ಲಿ ತರಗತಿ ನಡೆಸುತ್ತಾರೆ. ನಿಮ್ಮ ಹಾಳೆ ನೋಡಿದರೆ ನಿಮ್ಮದೂ ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗೋಡೆ ಒಂದೂ ಇಲ್ಲ. ಮುಖಪುಟಗಳು ಅಕ್ಟೋಬರ್‌ನಲ್ಲಿ, ರಾಜ್ಯೋತ್ಸವದ ಮುಂಚೆ, ಒಟ್ಟಿಗೇ ಬಂದಿವೆ. ಭಾವಚಿತ್ರ ಮದುವೆಗಳ ಕಾಲಕ್ಕೆ. ಹಾಗಿದ್ದರೆ ಏಪ್ರಿಲ್, ಮೇನಲ್ಲಿ ಬೇಸಿಗೆ ಶಿಬಿರ ಮಾಡಿ. ಪ್ರಕಾಶಕರ ಹತ್ತಿರ ಜೂನ್‌ನಲ್ಲೇ ಹೋಗಿ, "ಈ ವರ್ಷ ಬರುವ ಪುಸ್ತಕಗಳ ಪಟ್ಟಿ ಕೊಡಿ, ಮಳೆಗಾಲದಲ್ಲೇ ಮುಗಿಸಿಕೊಡುತ್ತೇನೆ" ಎಂದು ಕೇಳಿ. ಅವರಿಗೂ ಕೊನೇ ಗಳಿಗೆಯ ಗಡಿಬಿಡಿ ತಪ್ಪುತ್ತದೆ.

ಡಬ್ಬಿಯ ಬದಲು ಬ್ಯಾಂಕಿನಲ್ಲಿ ಎರಡು ಖಾತೆ ಮಾಡಿ. ಗಿರಾಕಿಗಳ ದುಡ್ಡೆಲ್ಲ ಒಂದಕ್ಕೆ ಬರಲಿ. ಅಲ್ಲಿಂದ ಪ್ರತಿ ತಿಂಗಳು 1ನೇ ತಾರೀಕು 22,000 ನಿಮ್ಮ ಮನೆಯ ಖಾತೆಗೆ ಸಂಬಳದ ಹಾಗೆ ಹೋಗಲಿ. ಜನವರಿಯಲ್ಲಿ ಲಕ್ಷ ಬಂದರೂ 22,000. ಜುಲೈನಲ್ಲಿ ಏನೂ ಬಾರದಿದ್ದರೂ 22,000. ಮೊದಲ ಖಾತೆಯಲ್ಲಿ ಆರು ತಿಂಗಳ ಸಂಬಳ, ಅಂದರೆ 1,32,000 ಯಾವಾಗಲೂ ಇರುವಂತೆ ಆಗಬೇಕು. ಎರಡು ವರ್ಷ ಹಿಡಿಯಬಹುದು, ಹಿಡಿಯಲಿ. ಅದು ಇದ್ದಾಗ ಕೆಟ್ಟ ಗಿರಾಕಿಗೆ "ಆಗಲ್ಲ" ಎನ್ನುವ ಧೈರ್ಯ ತಾನಾಗೇ ಬರುತ್ತದೆ. ಖಾತೆ ಖಾಲಿ ಇರುವ ಕಲಾವಿದರು ಚೌಕಾಸಿಯಲ್ಲಿ ಗೆದ್ದದ್ದನ್ನು ನಾನು ನೋಡಿಯೇ ಇಲ್ಲ.

ಈಗ ಹೋಮ್‌ಸ್ಟೇ. ಮೊದಲು ನಿಮ್ಮ ಕೈಯಲ್ಲಿರುವುದನ್ನು ಒಟ್ಟು ಮಾಡಿ: ಮುಂಗಡ 20,000 ಬಂದ ಬ್ಯಾಂಕ್ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ, ಅವರು ಸ್ಕೆಚ್ ಒಪ್ಪಿದ ಮೆಸೇಜು, ಗೋಡೆಯ ಫೋಟೋಗಳು, ಅವರೇ ಆ ಗೋಡೆಯ ಚಿತ್ರ ಹಾಕಿಕೊಂಡು ಮಾಡಿದ ಜಾಹೀರಾತು ಇದ್ದರೆ ಅದೂ. ಒಂದು ಬಿಲ್ ಮಾಡಿ. ಇಷ್ಟು ಕೆಲಸ, ಇಷ್ಟು ಒಪ್ಪಿದ್ದು, ಇಷ್ಟು ಬಂದಿದೆ, ಇಷ್ಟು ಬಾಕಿ, 15 ದಿನದಲ್ಲಿ ಕೊಡಿ ಎಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ಪುರಾವೆ ಇಟ್ಟುಕೊಳ್ಳಿ. ಸಿಟ್ಟಿನ ಮಾತು ಒಂದೂ ಬೇಡ. ನನ್ನ ಅನುಭವದಲ್ಲಿ ಫೋನಿಗೆ ಬಗ್ಗದ ಎಷ್ಟೋ ಜನ ಕಾಗದಕ್ಕೆ ಬಗ್ಗುತ್ತಾರೆ.

ಅದಕ್ಕೂ ಉತ್ತರ ಬಾರದಿದ್ದರೆ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಇತ್ಯರ್ಥ ಮಾಡಿಸಲು ಕೇಳಿಕೊಳ್ಳಬಹುದು. ಹಣದ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಏಳು ತಿಂಗಳಾಗಿದೆ, ಸಮಯ ಇದೆ. ಆದರೆ ಸುಮ್ನೆ ಕೂರಬೇಡಿ.

ಮುಂದಿನ ಬಾಕಿಗಳಿಗಾಗಿ ಈ ವಾರವೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಹೆಸರು ದಾಖಲು, ಮಾಡಿಸಿ. ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇದ್ದರೆ ಸಾಕು, ಒಂದು ಪೈಸೆಯೂ ಖರ್ಚಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ಚಿತ್ರ ಬರೆದುಕೊಡುವುದೂ ಸೇವೆಯೇ, ನೀವೂ ಒಂದು ಅತಿಸಣ್ಣ ಉದ್ಯಮವೇ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಇಂಥವರಿಂದ ಕೆಲಸ ಮಾಡಿಸಿಕೊಂಡವರು ಬರಹದಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ಜೊತೆಗೆ ಇಂಥ ಬಾಕಿಯನ್ನು ಗಡುವಿನೊಳಗೆ ಕೊಡದ ಕಂಪನಿ, ದುಡ್ಡು ಕೊಡುವ ವರ್ಷದ ತನಕ ಅದನ್ನು ತನ್ನ ಖರ್ಚು ಎಂದು ಆದಾಯ ತೆರಿಗೆಯಲ್ಲಿ ತೋರಿಸಲು ಆಗುವುದಿಲ್ಲ. ಹಾಗಾಗಿ ಕಂಪನಿಗಳ ಅಕೌಂಟ್ಸ್ ವಿಭಾಗದವರು ಬಿಲ್ ಮೇಲೆ ಉದ್ಯಮ್ ಸಂಖ್ಯೆ ನೋಡಿದರೆ ಅದನ್ನು ಬೇಗ ಎತ್ತಿಕೊಳ್ಳುತ್ತಾರೆ. ಒಂದು ಎಚ್ಚರ: ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಇರುವುದು ಕ್ಷೇಮ. ಈಗ ಮಾಡಿಸಿ ಹೋಮ್‌ಸ್ಟೇಯ ಹಳೇ ಬಾಕಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಕಾನೂನಿಗಿಂತ ದೊಡ್ಡ ರಕ್ಷಣೆ ಮುಂಗಡ. ಒಪ್ಪಿದ ದಿನ ನೂರಕ್ಕೆ 40, ಗೋಡೆಯ ಮೇಲೆ ಗೆರೆ ಎಳೆದು ಮುಗಿಸಿದಾಗ 40, ಕೊನೆಯಲ್ಲಿ 20. ಹೋಮ್‌ಸ್ಟೇಯವರ ಜೊತೆ ಹೀಗೆ ಮಾಡಿದ್ದರೆ ಇವತ್ತಿನ ಬಾಕಿ 60,000 ಅಲ್ಲ, 16,000. ಮುಂಗಡ ಬರುವ ತನಕ ಒಂದು ಡಬ್ಬ ಬಣ್ಣವನ್ನೂ ಕೊಳ್ಳಬೇಡಿ. ದೊಡ್ಡ ಒಪ್ಪಂದ ಪತ್ರ ಬೇಕಿಲ್ಲ. ಮಾತಾಡಿ ಬಂದ ಸಂಜೆ ಹೀಗೊಂದು ಮೆಸೇಜು ಸಾಕು:

"ನಮಸ್ಕಾರ ಸರ್. ಇವತ್ತು ಮಾತಾಡಿದ ಹಾಗೆ, ಮುಂಭಾಗದ ಗೋಡೆ 500 ಚದರ ಅಡಿ, ಒಟ್ಟು 55,000. ಈಗ 22,000, ಗೆರೆ ಮುಗಿದಾಗ 22,000, ಕೆಲಸ ಮುಗಿದ ದಿನ 11,000. ಸ್ಕೆಚ್‌ನಲ್ಲಿ ಎರಡು ಸಲ ಬದಲಾವಣೆ ಮಾಡಿಕೊಡುತ್ತೇನೆ, ಆಮೇಲಿನದಕ್ಕೆ ದಿನಕ್ಕೆ 3,000. ಗೋಡೆಯ ತೇವ ತೆಗೆಸಿ ಪುಟ್ಟಿ, ಪ್ರೈಮರ್ ಹಾಕಿಸಿ ಕೊಡುವುದು ನಿಮ್ಮ ಕಡೆಯಿಂದ. ಚಿತ್ರದ ಕಾಪಿರೈಟ್ ನನ್ನಲ್ಲೇ ಇರುತ್ತದೆ. ನಿಮ್ಮ ಜಾಗದ ಪ್ರಚಾರಕ್ಕೆ ನನ್ನ ಹೆಸರು ಹಾಕಿ ಬಳಸಬಹುದು. ಸರಿ ಇದ್ದರೆ 'ಒಪ್ಪಿದ್ದೇನೆ' ಎಂದು ಕಳಿಸಿ."

ಗೋಡೆಯ ತೇವದ ಸಾಲನ್ನು ಯಾವತ್ತೂ ಬಿಡಬೇಡಿ. ಒದ್ದೆ ಗೋಡೆಯ ಮೇಲಿನ ಬಣ್ಣ ಮೊದಲ ಮಳೆಗೇ ಎದ್ದು ಬರುತ್ತದೆ, ಆಗ ಬೈಗುಳ ನಿಮಗೇ.

ಕಾಪಿರೈಟ್ ಸಾಲನ್ನು ಯಾಕೆ ಹಾಕಿದೆ ಎನ್ನುವುದಕ್ಕೆ ನಿಮ್ಮ ಕ್ಯಾಲೆಂಡರ್ ಪ್ರಶ್ನೆಯೇ ಉತ್ತರ. ಸಂತೆಯಲ್ಲಿ ಅಂಗಡಿಯವರು ಕೊಂಡದ್ದು ಕ್ಯಾನ್ವಾಸನ್ನು. ಅದನ್ನು ಗೋಡೆಗೆ ತೂಗುಹಾಕಬಹುದು, ಮಾರಬಹುದು. ಅಚ್ಚು ಹಾಕಿಸುವ ಹಕ್ಕು ಅದರ ಜೊತೆ ಹೋಗುವುದಿಲ್ಲ. ನಿಮ್ಮ ಮನಸ್ಸಿಗೆ ಬಂದದ್ದನ್ನು ನೀವೇ ಬರೆದ ಚಿತ್ರಕ್ಕೆ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೀವೇ ಮೊದಲ ಒಡತಿ. ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಅದಕ್ಕೆ ನೋಂದಣಿ ಕಡ್ಡಾಯವೂ ಅಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಹೋಗಬೇಕು. ಅಂಗಡಿಯವರಿಗೂ ಒಂದು ಪತ್ರ ಬರೆಯಿರಿ. ಎಷ್ಟು ಪ್ರತಿ ಅಚ್ಚಾಗಿದೆ ಎಂದು ಕೇಳಿ, ಅದಕ್ಕೊಂದು ಮೊತ್ತ ಹೇಳಿ, ಮುಂದಿನ ವರ್ಷ ಬೇಕಿದ್ದರೆ ಇಷ್ಟು ಎಂದೂ ಸೇರಿಸಿ. ಜಗಳವಾಗಬಹುದಾದದ್ದು ಗಿರಾಕಿಯಾಗಿ ತಿರುಗಿದ ಉದಾಹರಣೆ ನನ್ನ ಫೈಲುಗಳಲ್ಲೇ ಇದೆ.

ಆದರೆ ಇದೇ ಕಾಯ್ದೆಯಲ್ಲಿ ಕಲಾವಿದರು ಎಡವುವ ಒಂದು ಜಾಗ ಇದೆ. ಯಾರಾದರೂ ಹೇಳಿ, ದುಡ್ಡು ಕೊಟ್ಟು ಮಾಡಿಸಿದ ಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಕಾಪಿರೈಟ್‌ನ ಮೊದಲ ಒಡೆಯರು. ನಿಮ್ಮ ಭಾವಚಿತ್ರಗಳು, ಗೋಡೆಗಳು, ಮುಖಪುಟಗಳೆಲ್ಲ ಇದರಡಿ ಬರಬಹುದು. ಅದಕ್ಕೇ ಆ ಒಂದು ಸಾಲು ಬೇಕು. ದೊಡ್ಡ ಮೊತ್ತದ ಕೆಲಸವಾದರೆ ಮೆಸೇಜಿನ ಜೊತೆ ಸಹಿ ಮಾಡಿದ ಒಂದು ಹಾಳೆಯೂ ಇರಲಿ. ಪ್ರಕಾಶಕರಿಗೆ "ಈ ಪುಸ್ತಕದ ಕನ್ನಡ ಆವೃತ್ತಿಯ ಮುಖಪುಟಕ್ಕೆ ಮಾತ್ರ, 5 ವರ್ಷಕ್ಕೆ" ಎಂದು ಬರೆದುಕೊಡಿ. ಅನುವಾದವಾದರೆ, ಪೋಸ್ಟರ್ ಮಾಡಿದರೆ ಮತ್ತೆ ಮಾತಾಡಬಹುದು.

ಪ್ರಿಂಟ್ ಮಾಡಿ ಮಾರುವ ಬಗ್ಗೆಯೂ ನೀವು ಒಂದು ಸಾಲು ಬರೆದಿದ್ದೀರಿ. ಮಾಡಿ. ಮೂಲ ಚಿತ್ರ ಒಬ್ಬರ ಮನೆಗೆ ಹೋಗುತ್ತದೆ, ಪ್ರಿಂಟ್ ನೂರು ಮನೆಗೆ ಹೋಗುತ್ತದೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದದ್ದರಿಂದಲೇ ಅವರ ಲಕ್ಷ್ಮಿ, ಸರಸ್ವತಿ ನಮ್ಮ ಅಜ್ಜಿಯರ ದೇವರ ಕೋಣೆಗೂ ಬಂದದ್ದು. ಆದರೆ ಆ ಮುದ್ರಣಾಲಯ ಸಾಲದಲ್ಲಿ ಸಿಕ್ಕಿಬಿತ್ತು, ಕೆಲವೇ ವರ್ಷಗಳಲ್ಲಿ ಅವರು ಅದನ್ನು ಅಲ್ಲಿ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞರಿಗೆ ಮಾರಬೇಕಾಯಿತು. ಚಿತ್ರಗಳು ಮಾತ್ರ ಆಮೇಲೂ ಮನೆಮನೆಗೆ ಹೋಗುತ್ತಲೇ ಇದ್ದವು. ಹಾಗಾಗಿ ಕೈಯಿಂದ ದುಡ್ಡು ಹಾಕಿ 500 ಪ್ರತಿ ತೆಗೆಸಬೇಡಿ. 20 ತೆಗೆಸಿ, ಸಹಿ ಹಾಕಿ, ಸಂತೆಗೆ ಒಯ್ಯಿರಿ. ಯಾವುದು ಖರ್ಚಾಯಿತೋ ಅದನ್ನು ಮತ್ತೆ ತೆಗೆಸಿ.

ತೆರಿಗೆಯದ್ದು ಚಿಕ್ಕ ಮಾತು. ರಿಟರ್ನ್ ಹಾಕಿದ ಬಗ್ಗೆ ನೀವು ಏನೂ ಬರೆದಿಲ್ಲ, ಹಾಕಿಲ್ಲ ಅಂತ ಕಾಣುತ್ತದೆ. ಹಾಕಿ. ಹೊಸ ಪದ್ಧತಿಯಲ್ಲಿ 2025-26ರಿಂದ ಇಂಥ ಆದಾಯ 12 ಲಕ್ಷದವರೆಗೆ ಇದ್ದರೂ ತೆರಿಗೆ ಬೀಳುವುದಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ 20 ಲಕ್ಷ, ಅದೂ ನಿಮಗೆ ದೂರ. ಆದರೆ ಕಂಪನಿಗಳು, ಪ್ರಕಾಶಕರು ನಿಮ್ಮ ಬಿಲ್ಲಿನಲ್ಲಿ ನೂರಕ್ಕೆ 10 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದಿದ್ದರೆ ಆ ದುಡ್ಡು ನಿಮ್ಮದು, ರಿಟರ್ನ್ ಹಾಕಿದರೆ ಮಾತ್ರ ವಾಪಸ್ ಬರುತ್ತದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್‌ಗೆ ಎಷ್ಟು ಜಮಾ ಆಗಿದೆ ನೋಡಿ. ನಾಳೆ ಮನೆ ಸಾಲಕ್ಕೋ ಸ್ಟುಡಿಯೋ ಸಾಲಕ್ಕೋ ಹೋದರೆ ಬ್ಯಾಂಕಿನವರು ಸಾಮಾನ್ಯವಾಗಿ ಮೊದಲು ಕೇಳುವುದು ಎರಡು ಮೂರು ವರ್ಷದ ರಿಟರ್ನ್. ಸಂಬಳದ ಚೀಟಿ ಇಲ್ಲದವರಿಗೆ ಅದೇ ಸಂಬಳದ ಚೀಟಿ.

ವಿಮೆಯ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನೀವು 20 ಅಡಿ ಎತ್ತರದ ಸಾರವೆ ಹತ್ತುತ್ತೀರಿ. ಬಲಗೈ ಮುರಿದರೆ ನಿಮ್ಮ ಅಂಗಡಿಯೇ ಮುಚ್ಚಿದ ಹಾಗೆ. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷದವರೆಗೆ. ಜೀವನ್ ಜ್ಯೋತಿ 436 ರೂಪಾಯಿ, 2 ಲಕ್ಷದ ಜೀವ ವಿಮೆ. ಎರಡನ್ನೂ ಇವತ್ತೇ ಮಾಡಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಒಂದು ಆರೋಗ್ಯ ವಿಮೆ ಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ. ಜೊತೆಗೆ, ಕೆಲಸ ಮಾಡಲಾಗದ ವಾರಗಳಿಗೂ ದುಡ್ಡು ಕೊಡುವ ಅಪಘಾತ ವಿಮೆ ಸಿಗುತ್ತದೆಯೇ ಎಂದು ವಿಚಾರಿಸಿ, ಸಾರವೆ ಹತ್ತುವ ಕೆಲಸ ಎಂದು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ. ನಿಮ್ಮ ಸಹಾಯಕ ಹುಡುಗನಿಗೂ ಆ 20 ರೂಪಾಯಿಯದ್ದನ್ನು ಮಾಡಿಸಿಕೊಡಿ. ಆರು ತಿಂಗಳ ಡಬ್ಬಿ ತುಂಬಿದ ಮೇಲೆ ಪಿಪಿಎಫ್, ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ, ಶುರು ಮಾಡಿ. ವರ್ಷಕ್ಕೆ 500ರಿಂದ 1.5 ಲಕ್ಷದವರೆಗೆ ಕೈಲಾದಾಗ ಕೈಲಾದಷ್ಟು ಹಾಕಬಹುದು. ತಿಂಗಳ ಕಂತಿನ ಒತ್ತಾಯ ಇಲ್ಲ, ನಮ್ಮಂಥ ಏರಿಳಿತದ ಆದಾಯಕ್ಕೆ ಹೊಂದುತ್ತದೆ.

ಕೊನೆಗೆ ಅಪ್ಪನ ಮಾತು. ಅವರು ನಿಮ್ಮ ಕಲೆಯನ್ನು ಹಗುರ ಮಾಡುತ್ತಿಲ್ಲ. ಅವರಿಗೆ ಕಾಣುತ್ತಿರುವುದು 11 ಸಾವಿರ. ನಿಮ್ಮ ಕ್ಲಾಸಿನ ಆದಾಯ ಈಗಲೇ ತಿಂಗಳಿಗೆ 8,000. ಅದನ್ನು ವಾರಕ್ಕೆ ಎರಡು ಸಂಜೆಯಿಂದ ಮೂರಕ್ಕೆ ಏರಿಸಿದರೆ 12,000 ಆಗುತ್ತದೆ. ಅಂದರೆ ಮನೆಖರ್ಚಿನ ಅರ್ಧಕ್ಕಿಂತ ಜಾಸ್ತಿ, ಇನ್ನೊಬ್ಬರ ಕೈಕೆಳಗೆ ಇರದೆ. ಹಾಗಾಗಿ ಪೂರ್ತಿ ದಿನದ ಕೆಲಸಕ್ಕೆ ಈಗ ಆತುರ ಬೇಡ ಎಂಬುದು ನನ್ನ ಅಭಿಪ್ರಾಯ. ವಾರಕ್ಕೆ ಎರಡು ದಿನ ಕರೆಯುವ ಶಾಲೆ ಸಿಕ್ಕರೆ ಯೋಚಿಸಬಹುದು. ಹೋಗುವ ಮೊದಲು ಎರಡು ಸಂಗತಿ ನೋಡಿ. ದಿನಕ್ಕೆ ಎಷ್ಟು ಬೀಳುತ್ತದೆ, ಅದು 3,000ದ ಹತ್ತಿರವಾದರೂ ಇದೆಯೇ? ನೇಮಕದ ಪತ್ರದಲ್ಲಿ ಹೊರಗಿನ ಕೆಲಸ ಮಾಡಬಾರದು ಎಂದಿದೆಯೇ? ಇದ್ದರೆ ಸಹಿ ಹಾಕುವ ಮುಂಚೆಯೇ ಆ ಸಾಲನ್ನು ತೆಗೆಸಿ. ಉದ್ಯೋಗದ ಭಾಗವಾಗಿ ಶಾಲೆಗೆ ಬರೆದುಕೊಟ್ಟ ಚಿತ್ರಗಳ ಕಾಪಿರೈಟ್ ಸಾಮಾನ್ಯವಾಗಿ ಶಾಲೆಗೇ ಹೋಗುತ್ತದೆ, ಅದನ್ನೂ ಅವತ್ತೇ ಮಾತಾಡಿಕೊಳ್ಳಿ.